ಮೆಟ್ಟಿಲ ಬುಡದ ಗುಮಾಸ್ತ

ಶಹಾಬಾದಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಸುಗಲ್ಲಿನ ಗಣಿಯ ಗುಮಾಸ್ತ ಗುರುಲಿಂಗಯ್ಯನವರು ಮಹಡಿ ಕಚೇರಿಯ ಕುರ್ಚಿ ಬಿಟ್ಟು, ಮೆಟ್ಟಿಲ ಬುಡದಲ್ಲಿ ಗೋಣಿತಟ್ಟು ಹಾಸಿ ಮಸಿ ದೌತಿಯ ಮುಚ್ಚಳ ತೆಗೆಯುತ್ತಾರೆ. ಎದುರಿಗೆ ನಿಂತ ಬಂಡಿಯಲ್ಲಿ ಸೊಂಟ ಮುರಿದ ಕೂಲಿಯೊಬ್ಬ ಮಲಗಿದ್ದಾನೆ. "ಕೆಳಗ ಇಳೀಬ್ಯಾಡಪ್ಪ, ನಾನೇ ಬರ್ಲಿಕತ್ತೀನಿ," ಎಂದು ಬಂಡಿಯವರೆಗೆ ಹೋಗಿ ಅಲ್ಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ.

ಮೇಲೆ ಕೂತವರಿಗೆ ಇದು ತಮಾಷೆ. "ಅಯ್ಯನೋರ ಕಚೇರಿ ಬೀದಿಗಿ ಬಂದದ," ಎಂದು ನಗುತ್ತಾರೆ. ನಗಲಿ ಬಿಡಿ! ಗಾಯಗೊಂಡವರ ಪರಿಹಾರದ ಕಾಗದ ಇವರ ಕೈಗೆ ಬಂತೆಂದರೆ ಎಂಟು ದಿನದೊಳಗೆ ಹಣ ಮನೆ ಸೇರುತ್ತದೆ. ತಿಂಗಳಿಗೆ ಹತ್ತು ಹನ್ನೆರಡು ಕಾಗದ; ಕಚೇರಿ ಭಾಷೆಯಾದ ಉರ್ದುವಿನಲ್ಲಿ ಬರೆಯುವವರೂ ಇವರೇ, ಕೂಲಿಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರೂ ಇವರೇ. ಹೊಗಳಿದರೆ ಮಾತ್ರ ತಲೆ ತಗ್ಗಿಸುತ್ತಾರೆ.

ಕಾರಣ ಗುಂಡಗುರ್ತಿಯ ಮಾಣಿಕಪ್ಪ. ಮೂರು ವರ್ಷದ ಹಿಂದೆ ಗಣಿಯಲ್ಲಿ ಕಲ್ಲು ಜಾರಿ ಅವನ ಕಾಲ ಮೇಲೆ ಬಿತ್ತು. ಗಾಯಾಳು ಖುದ್ದು ಹಾಜರಾಗಬೇಕೆಂಬುದು ಕಚೇರಿಯ ಕಾಯಿದೆ. ಹೆಂಡತಿ ಸೂಗಮ್ಮ ಬಂಡಿಯಲ್ಲಿ ಕರೆತಂದು, ಮೆಟ್ಟಿಲು ಹತ್ತಿ ಕೈಮುಗಿದಳು: "ಯಪ್ಪಾ, ಕೆಳಗ ಬಂಡ್ಯಾಗ ಮಕ್ಕೊಂಡಾರ್ರಿ. ಕಿಡಕ್ಯಾಗಿಂದ ಒಂದ್ ಸಲ ನೋಡ್ರಿ."

ಕಿಟಕಿ ಗುರುಲಿಂಗಯ್ಯನವರ ಬೆನ್ನ ಹಿಂದೆಯೇ ಇತ್ತು. ತಿರುಗಲಿಲ್ಲ. ದುಂಡಗಿನ ಅಕ್ಷರದಲ್ಲಿ 'ಗೈರಹಾಜರು' ಎಂದು ಬರೆದರು.

ಮತ್ತೊಂದು ತಾರೀಖು ಬಿದ್ದು ಹಣ ಬರುವಷ್ಟರಲ್ಲಿ ನಾಲ್ಕು ತಿಂಗಳು. ದೊಡ್ಡ ದವಾಖಾನೆಗೆ ಒಯ್ಯಲು ಕಾಸಿಲ್ಲದೆ ಗಾಯ ಕೊಳೆತು, ಕಾಲನ್ನೇ ತೆಗೆಯಬೇಕಾಯಿತು. ಹಣ ಕೊಡಲು ಮನೆಗೇ ಹೋದ ಗುರುಲಿಂಗಯ್ಯನವರು ಅದನ್ನು ಕಣ್ಣಾರೆ ಕಂಡರು. "ಕಾಯ್ದೆ ಮ್ಯಾಲ ಹಾಕಿ ಪಾರಾಗಬಹುದಿತ್ರಿ. ಆದ್ರ ತಿರುಗಿ ನೋಡಬ್ಯಾಡಂತ ಯಾವ ಕಾಯ್ದೆ ಹೇಳಿತ್ತು? ಸೊಕ್ಕು ನಂದೇ. ಭಾಳ ನಾಚಿಕಿ ಆಗ್ತದ್ರಿ," ಎನ್ನುತ್ತಾರೆ. ಆ ಕಾಲು ಕಂಡ ಮರುದಿನದಿಂದಲೇ ಕೆಳಗೆ ಕೂತರು.

ಮಾಣಿಕಪ್ಪ ಈಗ ಸ್ಟೇಷನ್ ಬಳಿ ಬೀಡಿ ಮಾರುತ್ತಾನೆ. ಗುರುಲಿಂಗಯ್ಯನವರನ್ನು ಕಂಡರೆ ಸಾಕು, ಊರುಗೋಲು ಹಿಡಿದು ಎದ್ದು ನಿಲ್ಲುತ್ತಾನೆ. "ಶರಣ್ರೀ ಅಯ್ಯನೋರೆ. ನಿಮ್ಮ ಪುಣ್ಯದಿಂದ ರೊಕ್ಕ ಬಂತು," ಎನ್ನುತ್ತಾನೆ. ಗೈರಹಾಜರು ಎಂದು ಬರೆದವರು ಇವರೇ ಎಂದು ಅವನಿಗೆ ಗೊತ್ತಿಲ್ಲ. ಗೊತ್ತಿರುವ ಸೂಗಮ್ಮ ಬೀಡಿ ಕಟ್ಟುತ್ತಾ ತಲೆಯೆತ್ತುವುದಿಲ್ಲ, ಗಂಡನಿಗೂ ಹೇಳಿಲ್ಲ.

"ನಾನೇ ಹೇಳಬೇಕಂತ ಎಷ್ಟ್ ಸಲ ಹೋಗೀನ್ರಿ. ಬಾಯೇ ಬರಾಂಗಿಲ್ಲ," ಎನ್ನುತ್ತಾರೆ ಗುರುಲಿಂಗಯ್ಯ. ತಮ್ಮ ಬಗ್ಗೆ ನಾವು ಪತ್ರಿಕೆಯಲ್ಲಿ ಬರೆಯಲು ಅವರು ಒಪ್ಪಿದ್ದೂ ಅದಕ್ಕೇ. "ನನ್ನ ಹೊಗಳಿದ್ದು ತೆಗದ್ ಹಾಕ್ರಿ. ಇದಷ್ಟು ಇರ್ಲಿ. ಯಾರಾರ ಮಾಣಿಕಪ್ಪಗ ಓದಿ ಹೇಳ್ಲಿ. ಆಮ್ಯಾಲಾದ್ರೂ ಆತ ನನ್ನ ಕಂಡು ಎದ್ದು ನಿಲ್ಲಬಾರದ್ರಿ."