ಅಪ್ಪ ಹಾಕಿಸಿದ ಕ್ಯಾರಿಯರ್

1997ರ ದೀಪಾವಳಿ. ನನ್ನ ಮದುವೆಯಾಗಿ ಆರು ತಿಂಗಳಾಗಿತ್ತು. ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ ಆಹೇರಿ ಮಾಡುವುದು, ಅಂದರೆ ಉಡುಗೊರೆ ಕೊಡುವುದು, ನಮ್ಮ ಕಡೆಯ ಪದ್ಧತಿ. ನಾನು ಇಂಗಳೇಶ್ವರದ ತವರಿಗೆ ಮೊದಲೇ ಬಂದಿದ್ದೆ. ನಮ್ಮ ಮನೆಯವರು ಹಬ್ಬಕ್ಕೆ ಎರಡು ದಿನ ಇರುವಾಗ ಹೂವಿನ ಹಿಪ್ಪರಗಿಯಿಂದ ತಮ್ಮ ರೇಸ್ ಸೈಕಲ್ ಹೊಡೆದುಕೊಂಡೇ ಬಂದರು.

ಅವರು ಸೈಕಲ್ ಪಟು. ರಾಜ್ಯ ಮಟ್ಟದಲ್ಲಿ ಪದಕ ಗೆದ್ದವರು. ನಮ್ಮ ಸಂಬಂಧ ಕೂಡಿಬಂದಾಗ ಹುಡುಗ ಏನು ಮಾಡುತ್ತಾನೆ ಎಂದು ಅಜ್ಜಿ ಕೇಳಿದ್ದಳು. ಸೈಕಲ್ ಹೊಡೆಯುತ್ತಾನೆ ಎಂದದ್ದಕ್ಕೆ, "ಸೈಕಲ್ ಹಾಲಿನವನೂ ಹೊಡಿತಾನ, ಟಪಾಲಿನವನೂ ಹೊಡಿತಾನ. ಇವಂಗ ಪಗಾರ ಯಾರ ಕೊಡ್ತಾರ?" ಎಂದಿದ್ದಳು. ಅಜ್ಜಿ ಕೇಳಿದ್ದು ಸರಿಯಾಗಿಯೇ ಇತ್ತು. ರೇಸ್ ಗೆದ್ದರೆ ಸ್ಟೀಲ್ ಕೊಡ, ಗೋಡೆ ಗಡಿಯಾರ, ಒಂದು ಶಾಲು ಸಿಗುತ್ತಿತ್ತು. ಅದರಿಂದ ಒಲೆ ಉರಿಯುವುದಿಲ್ಲ. ಇದ್ದದ್ದು ಒಂದೇ ದಾರಿ, ಕ್ರೀಡಾ ಕೋಟಾದ ಸರಕಾರಿ ನೌಕರಿ. ಅದರ ಆಯ್ಕೆ ಹಬ್ಬ ಮುಗಿದ ಎಂಟು ದಿನಕ್ಕೆ ವಿಜಾಪುರದಲ್ಲಿ ಇತ್ತು. ವಯಸ್ಸಿನ ಮಿತಿಯ ಪ್ರಕಾರ ನಮ್ಮ ಮನೆಯವರಿಗೆ ಅದೇ ಕೊನೆಯ ಅವಕಾಶ.

ಅಳಿಯ ಬಂದ ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನ ಸೇರಿದ್ದರು. ಬಾಗಿದ ಹ್ಯಾಂಡಲ್, ಬೆರಳು ದಪ್ಪದ ಟೈರಿನ ಆ ಸೈಕಲ್ ನೋಡಿ ನಮ್ಮ ಸೋದರಮಾವ ನಗಾಡಿದ. "ಏನ್ ಭಾವಾ, ಅಳಿಯನ ಸೈಕಲ್ಲಿಗೆ ಮಡ್ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಹೆಂಡತಿನ್ನ ಹೆಗಲ ಮ್ಯಾಲ ಕೂಡಸ್ಕೊಂಡು ಹೋಗ್ತಾನೇನು?" ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನಾಲ್ಕು ಜನರ ಮುಂದೆ ಆಡಿಸಿಕೊಳ್ಳುವುದೆಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ನಮ್ಮ ಮನೆಯವರು ಊಟ ಮಾಡಿ ಮಲಗಿದ್ದಾಗ ಅಪ್ಪ ಆ ಸೈಕಲ್ಲನ್ನು ಟೆಂಪೋದ ಮೇಲೆ ಹೇರಿಸಿಕೊಂಡು ಬಾಗೇವಾಡಿಗೆ ಹೋದರು. ಆಹೇರಿ ಏನೆಂದು ಅಳಿಯನಿಗೆ ಮೊದಲೇ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನನಗೂ ಹೇಳಲಿಲ್ಲ. ಸಂಜೆ ಸೈಕಲ್ ತಿರುಗಿ ಬಂದಾಗ ಅದಕ್ಕೆ ಮಡ್ಗಾರ್ಡ್ ಇತ್ತು, ಸ್ಟ್ಯಾಂಡ್ ಇತ್ತು, ಗಂಟೆ ಇತ್ತು, ಹಿಂದೆ ಗಟ್ಟಿ ಕಬ್ಬಿಣದ ಕ್ಯಾರಿಯರ್ ಇತ್ತು. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು.

"ಅಳಿಯಂದ್ರ, ಈಗ ನೋಡ್ರಿ, ಸೈಕಲ್ ಅಂದ್ರ ಸೈಕಲ್ ಆತು. ನನ್ನ ಮಗಳಿಗೆ ಕೂಡಾಕ ಜಾಗಾ ಆತು" ಎಂದರು ಅಪ್ಪ.

ನಮ್ಮ ಮನೆಯವರು ಕುಕ್ಕುರುಗಾಲಲ್ಲಿ ಕೂತು ಸೀಟಿನ ಕೆಳಗಿನ ಪೈಪನ್ನು ಹೆಬ್ಬೆರಳಿನಿಂದ ಸವರಿದರು. ನಟ್ಟು ಬೋಲ್ಟು ಕೂಡಿಸಲು ಆ ಸೈಕಲ್ಲಿನಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಕ್ಯಾರಿಯರನ್ನು ಪೈಪಿಗೇ ವೆಲ್ಡಿಂಗ್ ಮಾಡಿಸಿದ್ದರು. ಬಣ್ಣ ಸುಟ್ಟು ಕಪ್ಪಾಗಿತ್ತು. ಅವರು ಎದ್ದು ನಿಂತು, "ಛಲೋ ಆತ್ರಿ ಮಾವಾರ" ಎಂದಷ್ಟೇ ಹೇಳಿದರು. ಅಪ್ಪನ ಸಮಾಧಾನಕ್ಕೆ ನನ್ನನ್ನು ಹಿಂದೆ ಕೂಡಿಸಿಕೊಂಡು ಊರ ಅಗಸಿಬಾಗಿಲವರೆಗೆ ಹೋಗಿಯೂ ಬಂದರು. ದಾರಿಯಲ್ಲಿ ನಿಂತವರೆಲ್ಲ ನೋಡಿದರು. ನನಗೂ ಹಿಗ್ಗಾಗಿತ್ತು.

ಒಳಗೆ ಬಂದ ಮೇಲೆ ಅವರ ಮುಖ ನೋಡಿ ಕೇಳಿದೆ. "ಇದರ ಪೈಪ್ ಭಾಳ ತೆಳ್ಳಗ ಇರತೈತಿ. ಸುಟ್ರ ಜೀವಾ ಹೋಗ್ತೈತಿ. ಹಬ್ಬದಾಗ ಮಾವಾರ ಮಾರಿ ಸಣ್ಣದ ಮಾಡ್ಲೇನು?" ಎಂದರು. ಆ ಸೈಕಲ್ ಇನ್ನೊಬ್ಬ ಸವಾರನಿಂದ ಕಷ್ಟಪಟ್ಟು ಕೊಂಡದ್ದು. ಬೇರೆಯವರದು ಕೇಳೋಣವೆಂದರೆ ರೇಸ್ ಸೈಕಲ್ ಇದ್ದವರೆಲ್ಲ ಅದೇ ನೌಕರಿಗೆ ಓಡುವವರು. ಹಬ್ಬ ಮುಗಿಸಿ ನಮ್ಮ ಮನೆಯವರು ಹಿಪ್ಪರಗಿಗೆ ಹೋಗಿ ಗರಗಸದಿಂದ ಕ್ಯಾರಿಯರ್ ಕೊಯ್ದು ತೆಗೆದರು. ಸುಟ್ಟ ಜಾಗ ಹಾಗೇ ಉಳಿಯಿತು.

ಆಯ್ಕೆಯ ದಿನ ನಾನು ಅಪ್ಪನ ಜೊತೆ ವಿಜಾಪುರಕ್ಕೆ ಹೋಗಿದ್ದೆ. ರೇಸ್ ಮುಗಿಯುವ ಜಾಗದಲ್ಲಿ ನಿಂತಿದ್ದೆವು. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೊನೆಗೆ ನಮ್ಮ ಮನೆಯವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ನಡೆಯುತ್ತ ಬಂದರು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಸೀಟಿನ ಕೆಳಗೆ ಸುಟ್ಟ ಜಾಗದಲ್ಲೇ ಪೈಪ್ ಬಾಯಿಬಿಟ್ಟಿತ್ತು. ಎರಡೂ ಟೈರಿನಲ್ಲಿ ಗಾಳಿ ಇತ್ತು.

"ಏನಾತ್ರಿ?" ಎಂದರು ಅಪ್ಪ.

"ಪಂಚರ್ ಆತ್ರಿ ಮಾವಾರ. ಬಿದ್ದೆ, ಪೈಪ್ ಮುರೀತು."

ಅಪ್ಪ ಆ ಪೈಪನ್ನು ಒಮ್ಮೆ ನೋಡಿ, ಬಸ್ಸಿಗೆ ಹೊತ್ತಾಯಿತು ನಡೆಯಿರಿ ಎಂದರು.

ನೌಕರಿ ಹೋಯಿತು. ನಮ್ಮ ಮನೆಯವರು ಹಿಪ್ಪರಗಿ-ಬಾಗೇವಾಡಿ ನಡುವೆ ಬೇರೆಯವರ ಟೆಂಪೋ ಓಡಿಸತೊಡಗಿದರು. ಅಪ್ಪ ಮಾತ್ರ ಆ ಪಂಚರನ್ನು ಬಿಡಲಿಲ್ಲ. ಮದುವೆ ಇರಲಿ, ಮುಂಜಿ ಇರಲಿ, ಕೂತಲ್ಲಿ ನಿಂತಲ್ಲಿ ಅದನ್ನೇ ಹೇಳುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬಾಯಿ ತೆರೆಯಲು ಹೋದರೆ ನಮ್ಮ ಮನೆಯವರು ಕಣ್ಣಿನಲ್ಲೇ ಬೇಡವೆನ್ನುತ್ತಿದ್ದರು.

2006ರಲ್ಲಿ ನನ್ನ ತಮ್ಮನ ಮಗನ ಜವಳ ಇತ್ತು. ನಮ್ಮ ಮನೆಯವರು ಊಟದ ಪಂಕ್ತಿಯಲ್ಲಿ ಕೂತಿದ್ದರು. ಅವರ ಎದುರಿಗೇ ಅಪ್ಪ ಬೀಗರಿಗೆ ಹೇಳಿದರು, "ಒಂದು ಪಂಚರ್ ಸಂಭಾಳಸಾಕ ಬರ್ಲಿಲ್ಲ ನಮ್ಮ ಅಳಿಯಗ. ನನ್ನ ಮಗಳ ನಸೀಬ ನೋಡ್ರಿ." ನಮ್ಮ ಮನೆಯವರು ತಲೆ ಬಗ್ಗಿಸಿ ಅನ್ನ ಕಲಸುತ್ತಲೇ ಇದ್ದರು.

ಅಪ್ಪ ಹಿತ್ತಲಲ್ಲಿ ಕೈ ತೊಳೆಯುವಾಗ ನಾನು ಹಿಂದೆ ಹೋದೆ. "ಅಪ್ಪಾ, ಅವತ್ತ ಪಂಚರ್ ಆಗಿರ್ಲಿಲ್ಲ. ನೀ ವೆಲ್ಡಿಂಗ್ ಮಾಡ್ಸಿದ್ದಲ್ಲೇ ಪೈಪ್ ಮುರದಿತ್ತು."

ಅವರು ಟವೆಲ್ಲಿಗೆ ಕೈ ಒರೆಸಿಕೊಂಡರು. "ನನಗ ಗೊತ್ತಿಲ್ಲೇನು? ವೆಲ್ಡಿಂಗ್‌ನವ ಅವತ್ತೇ ಹೇಳಿದ್ದ, ಪೈಪ್ ತೆಳ್ಳಗೈತ್ರಿ ಯಜಮಾನ್ರ, ಬ್ಯಾಡ್ರಿ ಅಂತ. ನಾನೇ ಗಂಟಬಿದ್ದು ಹಾಕ್ಸಿದೆ."

"ಮತ್ತ ಇಷ್ಟು ವರ್ಷ ಅವರಿಗ್ಯಾಕ ಅಂದಿ?"

"ನೌಕರಿ ಇಲ್ಲದ ಹುಡುಗನ್ನ ಆರಿಸಿದವ ನಾನು. ಆ ನೌಕರಿ ಕೆಡಿಸಿದವನೂ ನಾನೇ ಅಂತಂದ್ರ ಊರಾಗ ಹ್ಯಾಂಗ ಅಡ್ಡಾಡ್ಲಿ ಯವ್ವಾ?" ಎಂದು ಹೇಳಿ ಬೀಗರ ಹತ್ತಿರ ಹೋಗಿ ಕೂತರು.

ಹಿಪ್ಪರಗಿಗೆ ಮರಳುವಾಗ ಟೆಂಪೋದಲ್ಲಿ ಅಳುತ್ತ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅವರು ಪೈಪ್ ನೋಡಿದಾಗ್ಲೇ ನನಗ ಗೊತ್ತಾತು. ಹೇಳಿದ್ರ ನೌಕರಿ ಬರತಿತ್ತೇನು?" ಎಂದರು.

ಅಪ್ಪ ಈಗಿಲ್ಲ. ನಾನು ಅವರನ್ನು ಕ್ಷಮಿಸಿಲ್ಲ, ಸುಳ್ಳು ಯಾಕೆ ಹೇಳಲಿ. ಆಟವನ್ನೇ ನಂಬಿ ಅನ್ನ ಉಣ್ಣಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆಟವೇ ಅನ್ನ ಹಾಕುವಂತಿದ್ದರೆ ಅವತ್ತು ಸೋತದ್ದು ಒಂದು ರೇಸ್ ಅಷ್ಟೇ ಆಗುತ್ತಿತ್ತು. ಪಂಚರಿನ ಕಥೆ ಅಪ್ಪನ ಜೊತೆ ಹೋಗಲಿಲ್ಲ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರ ಟೆಂಪೋ ಸ್ವಲ್ಪ ತಡವಾಗಿ ಬಂದರೂ, "ಏನ್ರಿ ಚಾಂಪಿಯನ್, ಪಂಚರೇನು?" ಎಂದು ಈಗಲೂ ಕೇಳುತ್ತಾರೆ. ಅವರು ಹೌದ್ರಿ ಎಂದು ನಗುತ್ತಾರೆ. ನನಗೆ ಇವತ್ತಿಗೂ ನಗಲು ಆಗಿಲ್ಲ.