ಸೊಂಟವಲ್ಲ, ತೋಳು

ತೆಲುಗು ಸೀಮೆಯ ಬಾಲಾನಗರದ ಸರ್ಕಾರಿ ದವಾಖಾನೆಯಲ್ಲಿ ನಾನು ಬೆಲ್ಟ್ ಸಡಿಲಿಸಿದಾಗ, ಹಿಂದಿನ ಬೆಂಚಿನಲ್ಲಿ ಕೂಸುಗಳನ್ನೆತ್ತಿಕೊಂಡು ಕೂತಿದ್ದ ಐವರು ತಾಯಂದಿರು ಒಟ್ಟಿಗೇ ಮುಖ ತಿರುಗಿಸಿದರು. ಕಾರ್ಖಾನೆಯ ತಗಡು ಅಂಗೈ ಕೊಯ್ದಿತ್ತು. ಸೂಜಿ ಅಂದರೆ ಸೊಂಟ ಎಂದು ಐವತ್ತೆರಡು ವರ್ಷ ನಂಬಿದವನು ನಾನು.

“ಧನುರ್ವಾಯು ಸೂಜಿ ತೋಳಿಗ್ರೀ. ಪ್ಯಾಂಟ್ ಏರಿಸ್ರಿ,” ಎಂದರು ನರ್ಸ್ ಸುವರ್ಣಾ, ತಲೆ ಎತ್ತದೆ.

ಸುವರ್ಣಾ ಶಹಾಪುರದ ಕಡೆಯವರು. ಹದಿನೆಂಟು ವರ್ಷ ಲಸಿಕೆ ಪೆಟ್ಟಿಗೆ ಹೊತ್ತು ಗಲ್ಲಿ ಸುತ್ತಿ ಎಡಭುಜ ಒಂದಿಷ್ಟು ಕೆಳಗಿಳಿದಿದೆ. ತೆಲುಗಿನಲ್ಲಿ ಬೈಸಿಕೊಂಡಿದ್ದಾರೆ, ಉರ್ದುವಿನಲ್ಲಿ ಬೈಸಿಕೊಂಡಿದ್ದಾರೆ. ಒಂದು ಮನೆಯವರು ನಾಯಿಯನ್ನೇ ಛೂ ಬಿಟ್ಟಿದ್ದರು. ಅಂದು ಕನ್ನಡದ ಸರದಿ.

ನನ್ನ ನಂತರ ಸೂಜಿಯ ಮೇಜಿಗೆ ಬಂದವನು ಕಲ್ಲೇಶ, ಕಿರಾಣಿ ಅಂಗಡಿಯವನು. ಜೊತೆಗೆ ಆ ಐವರಲ್ಲೊಬ್ಬಳಾದ ಹೆಂಡತಿ ಶ್ರೀಲಕ್ಷ್ಮಿ, ಹದಿನಾಲ್ಕು ವಾರದ ಮಗಳು ಪಿಂಕಿ. ಪೋಲಿಯೋ ಹನಿ ಬಾಯಿಗೆ ಬಿದ್ದಾಗ ಸುಮ್ಮನಿದ್ದ ಕಲ್ಲೇಶ, ಸೂಜಿ ಕಂಡದ್ದೇ ಮೊಬೈಲ್ ತೆಗೆದು ವಿಡಿಯೋ ಶುರುಮಾಡಿದ.

“ಹನಿ ಹಾಕೀರಲ್ಲ, ಅದಕ್ಕ ಮತ್ತ ಸೂಜಿ ಯಾಕ?”

“ಹನಿ ಹೊಟ್ಟಿ ಕಾಯತೈತ್ರಿ. ಪೋಲಿಯೋ ಕಳ್ಳ ಒಳಗ ಬರೂದೇ ಆ ಬಾಗಲದಿಂದ. ತಪ್ಪಿಸಿಕೊಂಡು ರಕ್ತಕ್ಕ ಇಳಿದ್ರ ಹಿಡಿಯಾಕ ಈ ಸೂಜಿ.”

“ಹಂಗಾರ ತುಂಬ ಕೊಡ್ರಿ! ಐದರಾಗ ಒಂದು ಪಾಲು ಅಷ್ಟ ಕೊಡ್ತೀರಂತ, ಫೋನ್‌ನ್ಯಾಗ ಓದೀನಿ. ಉಳಿದಿದ್ದು ಎಲ್ಲಿ ಮಾರ್ತೀರಿ? ನಮ್ಮೂರ ಕಡೆಯಾಕಿ ಆಗಿ ನಮಗ ಮೋಸ!”

“ಚರ್ಮದೊಳಗ ಕಾವಲುಗಾರ್ರು ಭಾಳ ಇರ್ತಾರ್ರಿ. ಅಲ್ಲಿ ಕೊಟ್ಟ್ರ ಇಷ್ಟ ಸಾಕು.”

ನಾನು ಸುಮ್ಮನಿರಬೇಕಿತ್ತು. “ಸೊಂಟಕ್ಕ ಕೊಟ್ಟ್ರ ಗಟ್ಟಿ ಹತ್ತತೈತೇನೋ,” ಎಂದೆ. ಬೆಲ್ಟಿನ ತುದಿ ಇನ್ನೂ ನೇತಾಡುತ್ತಿತ್ತು.

“ಕೇಳ್ರಿ, ಹಿರಿಯರೂ ಅದನ್ನ ಅಂತಾರ!” ಕಲ್ಲೇಶ ಕೂಸನ್ನೆತ್ತಿಕೊಂಡು ಬಾಗಿಲಿಗೆ ನಡೆದ. “ಕೊಟ್ಟ್ರ ಪೂರಾ ಕೊಡ್ರಿ, ಇಲ್ಲಾಂದ್ರ ಬ್ಯಾಡ.”

ಸುವರ್ಣಾ ಬಾಗಿಲನ್ನಲ್ಲ, ಶ್ರೀಲಕ್ಷ್ಮಿಯನ್ನು ನೋಡಿದರು. ಆಕೆ ಎದ್ದು ಗಂಡನ ಕೈಯಿಂದ ಮಗಳನ್ನು ಕಸಿದುಕೊಂಡಳು. “ನಾಳೆ ಕಾಲು ಸೋತ್ರ ನಿಮ್ಮ ವಿಡಿಯೋ ಇಕೀನ ಎತ್ತಿಕೊಂಡು ಅಡ್ಡಾಡತೈತೇನು?” ಬಂದು ಕೂತು ಪುಟ್ಟ ಬಲತೋಳು ಚಾಚಿದಳು.

ಸೂಜಿ ಚರ್ಮದಲ್ಲಿ ಓರೆಯಾಗಿ ತೂರಿತು. ತೊಗರಿಬೇಳೆಯಷ್ಟು ಗುಳ್ಳೆ ಎದ್ದಿತು.

“ಬಾವು ಬಂತು! ಬಾವು!” ಕಲ್ಲೇಶ ಮೊಬೈಲನ್ನು ಗುಳ್ಳೆಯ ಹತ್ತಿರ ಹಿಡಿದ.

“ಗುಳ್ಳಿ ಏಳಲಿಲ್ಲಂದ್ರ ನಾ ತಪ್ಪಿದಂಗ್ರಿ. ವಿಡಿಯೋ ಚಂದಾಗಿ ತೆಗೀರಿ.”

ಅವನ ದನಿ ಏರಿತು. “ಮಾತು ಮರಸಬ್ಯಾಡ್ರಿ! ಆ ಉಳಿದ ನಾಲ್ಕು ಪಾಲು ಏನು ಮಾಡ್ತೀರಿ? ಕ್ಯಾಮೆರಾ ಮುಂದ ಹೇಳ್ರಿ!”

ಸುವರ್ಣಾ ಅವನ ಹಿಂದಿನ ಬೆಂಚಿನತ್ತ ನೋಡಿದರು.

“ಇನ್ನೂ ನಾಲ್ಕು ಕೂಸು ಕುಂತಾವ್ರಿ. ಸ್ವಲ್ಪ ಸರಕೊಳ್ರಿ.”