ಬೇಲಿಯ ಮುಂದೆ ನಿಂತ ಲೈನ್‌ಮ್ಯಾನ್

ಬುಕ್ಕಾಂಬುಧಿ ಗುಡ್ಡದ ರಾತ್ರಿ ಓಟದಲ್ಲಿ ನನ್ನ ಜೊತೆಗಾರ ನಮ್ಮೂರಿನ ಲೈನ್‌ಮ್ಯಾನ್. ಮನೆಯ ಸ್ವಿಚ್ಚನ್ನೂ ಬೆರಳಿನ ಹಿಂಬದಿಯಿಂದಲೇ ಒತ್ತುವವನು. ‘ಕರೆಂಟ್ ಇಲ್ಲ ಅಂತ ನಂಬಬೇಡ ಕಣೋ’ ಅನ್ನುವುದು ಅವನ ಮಾತು.

ಇಳಿಜಾರಿನಲ್ಲಿ ದಾರಿ ತೋರಿಸುವ ರಿಬ್ಬನ್ನನ್ನು ಹೊಲದ ಬೇಲಿಯ ತಂತಿಗೇ ಕಟ್ಟಿದ್ದರು. ದಾಟಲೆಂದು ಕೈಚಾಚಿದೆ. ಅವನು ನನ್ನ ಬೆನ್ನಚೀಲ ಹಿಡಿದು ಎಳೆದ.

‘ಲೇ, ಮುಟ್ಬೇಡ! ಹಂದಿಗೆ ಕರೆಂಟ್ ಬಿಟ್ಟವ್ರೆ.’

ರಿಬ್ಬನ್ ಕಟ್ಟಿದವರು ಹಗಲಲ್ಲಿ ಬಂದಿದ್ದರು. ಹೊಲದವರು ಕಾಡುಹಂದಿ ತಡೆಯಲು ಬೇಲಿಗೆ ಕರೆಂಟ್ ಬಿಡುವುದು ಕತ್ತಲಾದ ಮೇಲೆ. ನಮ್ಮ ಹಿಂದೆ ಇನ್ನೂ ತಲೆದೀಪಗಳು ಇಳಿದು ಬರುತ್ತಿದ್ದವು. ಅವನು ತಂತಿಯಿಂದ ಒಂದು ಮಾರು ಈಚೆ, ಕೈಗಳನ್ನು ಅಗಲಿಸಿ ನಿಂತ.

‘ಆ ಕಡೆಯಿಂದ ಹೋಗ್ರಪ್ಪಾ!’

‘ನೀನು ಓಡು’ ಎಂದು ಅವನೇ ನನಗೆ ಹೇಳಿದ ಎಂದು ಡೈರಿಯಲ್ಲಿ ಬರೆದಿದ್ದೇನೆ. ನಮ್ಮಿಬ್ಬರಲ್ಲಿ ಓಟ ಮುಗಿಸಿದ್ದು ನಾನೊಬ್ಬನೇ. ಅವನು ನಿಜವಾಗಿ ಹಾಗೆ ಹೇಳಿದ್ದನೇ? ಅವನನ್ನೇ ಕೇಳಲು ಇವತ್ತಿಗೂ ನನಗೆ ಧೈರ್ಯವಾಗಿಲ್ಲ.